ಬೀಗಿತ್ತಿಯರ ಬಂಗಲೆ ಆಟ

ಕುಂಬಾರಕೊಪ್ಪಲು, ಮೈಸೂರು
೨೦ ನವೆಂಬರ್ ೨೦೨೪

ಉಘೇ ಮಾದಪ್ಪ

ಬೀಗಿತ್ತಿ ದಾಕ್ಷಾಯಿಣಿಯವರಿಗೆ ಮಂಜುಳಮ್ಮನ ಶರಣು. ಕಾಗದ ಬರೆಯುವಾಗ ಇತ್ತ ಕ್ಷೇಮ ಅಂತ ಮೊದಲು ಬರೆಯಬೇಕೆಂದು ನಮ್ಮೂರ ಸ್ಕೂಲಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಕ್ಷೇಮ ಇಲ್ಲದ್ದರಿಂದ ಬರೆದಿಲ್ಲ.

ಒಂದೇ ಊರಿನಲ್ಲಿದ್ದುಕೊಂಡು, ಕುವೆಂಪುನಗರಕ್ಕೆ ಸ್ಟಾಂಪು ಅಂಟಿಸಿ ಕಾಗದ ಹಾಕುತ್ತಾಳಲ್ಲ ಅಂತ ನಗಬೇಡಿ. ಭಾನುವಾರ ನೀವು ನಮ್ಮ ಮೆಟ್ಟಿಲಿಳಿದು ಹೋಗುವಾಗ ನಾನು ಬಾಗಿಲಲ್ಲಿ ನಿಂತು, "ಇನ್ನು ನಿಮ್ಮ ಹತ್ರ ಬಾಯಿಬಿಟ್ಟು ಮಾತಾಡಿದ್ರೆ ಕೇಳಿ, ಮಾದಪ್ಪನಾಣೆ" ಅಂದುಬಿಟ್ಟೆನಲ್ಲ. ಆಣೆ ಅಂದಮೇಲೆ ಆಣೆ. ಕಾಗದಕ್ಕೆ ಬಾಯಿಲ್ಲವಾದ್ದರಿಂದ ತಪ್ಪಿಲ್ಲ. ವಾಟ್ಸಾಪಿನಲ್ಲಿ ನನಗೆ ಬರೆಯಲು ಬಾರದು, ಮೈಕು ಒತ್ತಿ ಮಾತಾಡುವವಳು ನಾನು. ಅದು ಮಾತಾಗಿಬಿಡುತ್ತೆ.

ನ್ಯಾಯ ಹೇಳಬೇಕಾದರೆ ಮೊದಲಿಂದ ಹೇಳಬೇಕು. ನನ್ನ ಮಗಳು ನಿಶ್ಚಿತಾ, ನಿಮ್ಮ ಮಗ ಶಿವಕಿರಣ್, ಇಬ್ಬರ ಹತ್ತಿರವೂ ಮದುವೆಗೆ ಮುಂಚೆ, ಹಾಸಿನ ಮೇಲೆ ಕಾಯಿ ನಡೆಸೋ ಈ ಬಂಗಲೆ ಆಟದ ಪೆಟ್ಟಿಗೆ ಇತ್ತು. ಅವಳದು ಮೊದಲನೇ ಎಡಿಷನ್ನು, ಅವರದು ಎರಡನೇದು. ಯಾವುದು ಸರಿ ಅಂತ ಜಗಳ ಆಡಿಕೊಂಡೇ ಪ್ರೀತಿ ಮಾಡಿದರು. ಈಗ ಬನ್ನಿಮಂಟಪದ ಅವರ ಮನೆಗೆ ಮೂರನೇದು ಬಂತು ಅಂತ, ಹಳೇವನ್ನು ನಮ್ಮ ನಮ್ಮ ತಲೆಗೆ ಕಟ್ಟಿದರು.

ನಾನು ಆ ಪೆಟ್ಟಿಗೆಯನ್ನು ಮೊದಲು ಮನೆಯೊಳಗೇ ಸೇರಿಸಿರಲಿಲ್ಲ, ಬಟ್ಟೆ ಒಗೆಯೋ ಕಲ್ಲಿನ ಮೇಲಿಟ್ಟಿದ್ದೆ. ಮುಚ್ಚಳದ ಮೇಲೆ ಬಾವಲಿ, ಹಲ್ಲು ಬಿಟ್ಟ ದೊರೆ. ಅಷ್ಟೊಂದು ಕೋಣೆ ಇರೋ ಬಂಗಲೆ ಕಟ್ಟಿಸಿಕೊಂಡು ಹೆಣದ ಪೆಟ್ಟಿಗೆಯಲ್ಲಿ ಮಲಗುತ್ತಾನಂತೆ, ಎಂಥ ದೊರೆ ಅವನು! ನಿಶ್ಚಿತಾಳ ಅಪ್ಪ ಹೋದಮೇಲೆ ನನಗೆ ಸಾಯಂಕಾಲ ಹೊತ್ತು ಹೋಗುತ್ತಿರಲಿಲ್ಲ. "ಆಡಿ ನೋಡಮ್ಮ" ಅಂದಳು. ಪೆಟ್ಟಿಗೆಯೊಳಗೆ ಒಂದು ವಿಭೂತಿ ಗಟ್ಟಿ ಇಟ್ಟು ಕೂತೆ. ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದ್ದೆಲ್ಲ ಈಗ ಬಾಯಿಪಾಠ. ಆಡುವವರೆಲ್ಲ ಒಂದೇ ಕಡೆ, ದೀಪ ಹತ್ತಿದರೆ ದೊರೆ ಪೆಟ್ಟಿಗೆ ಸೇರುತ್ತಾನೆ, ಇಲ್ಲದಿದ್ದರೆ ಒಬ್ಬೊಬ್ಬರನ್ನೇ ಮುಗಿಸುತ್ತಾನೆ.

ಆಟದ ಕಾಯಿಗಳಲ್ಲಿ ಒಬ್ಬಳಾದ ಕರಿಸೀರೆಯಮ್ಮನ ಚೀಟಿಯಲ್ಲಿ ಸ್ಪಷ್ಟವಾಗಿದೆ. ಗಂಡ ಸತ್ತ ಹೆಂಗಸು, ಬಂಗಲೆಯ ಕಳ್ಳಬಾಗಿಲೆಲ್ಲ ಈಕೆಗೆ ಗೊತ್ತು, ಆದರೆ ಪ್ರಾರ್ಥನೆ ಕೋಣೆಯ ದೀಪ ಹಚ್ಚುವಂತಿಲ್ಲ. ಆಕೆ ನನ್ನ ಪಾಲಿಗೆ ಬಂದಿದ್ದಳು. ಭಾನುವಾರ ಆಕೆ ದೀಪದ ಮುಂದೆ ನಿಂತಿದ್ದಳು, ನಿಮ್ಮ ಡಾಕ್ಟರು ಮೆಟ್ಟಿಲ ಮೇಲೆ ಬಿದ್ದಿದ್ದ, ದೊರೆ ಬಾಗಿಲಿಗೆ ಬಂದಿದ್ದ. "ಹಚ್ಚಿ, ಹಚ್ಚಿ" ಅಂದಿರಿ. ಹಚ್ಚಲಿಲ್ಲ. "ನನ್ನ ಪೆಟ್ಟಿಗೇಲಿ ಹಚ್ಚಬಹುದು" ಅಂದಿರಿ. "ಇದು ನನ್ನ ಪೆಟ್ಟಿಗೆ" ಅಂದೆ. ಆಮೇಲೆ ನೀವಾಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ನಾವು ಮಾತು ಬಿಟ್ಟಿದ್ದಕ್ಕೆ ನಿಶ್ಚಿತಾ, "ನೀವಿಬ್ರೂ ಸರಿಹೋಗೋವರೆಗೂ ನನಗೆ ಸೀಮಂತ ಬೇಡ" ಅಂತ ಕೂತಿದ್ದಾಳೆ. ಬಸುರಿ ಬಾಯಲ್ಲಿ ಇಂಥ ಮಾತು ಬರಬಾರದು. ಏಳನೇ ತಿಂಗಳೊಳಗೆ ಇದು ತೀರ್ಮಾನವಾಗಬೇಕು. ಆಟ ಇನ್ನೂ ಮಂಚದ ಮೇಲೆ ಹಾಗೇ ಹರಡಿದೆ. ಅರ್ಧಕ್ಕೆ ಮಡಿಸಿಟ್ಟರೆ ದೊರೆ ಮನೆಯಲ್ಲೇ ಉಳಿದುಕೊಂಡಾನು. ನಾನು ಚಾಪೆ ಮೇಲೆ ಮಲಗುತ್ತಿದ್ದೇನೆ.

ಇಂತಿ,
ಮಂಜುಳಮ್ಮ


ಕುವೆಂಪುನಗರ
೨೬ ನವೆಂಬರ್ ೨೦೨೪

ಬೀಗಿತ್ತಿಯವರಿಗೆ ಶರಣು.

ನಿಮ್ಮ ಕಾಗದ ಕೊಡುವಾಗ ಪೋಸ್ಟ್‌ಮ್ಯಾನು "ಏನಮ್ಮ, ಕೋರ್ಟ್ ನೋಟೀಸಾ?" ಅಂತ ಕೇಳಿದ. ಹೆಚ್ಚುಕಮ್ಮಿ ಹಾಗೇ ಇತ್ತು ಬಿಡಿ. ನಮ್ಮ ಯಜಮಾನರು ಲಿಂಗಯ್ಯನವರು ಜೋರಾಗಿ ಓದಿಸಿಕೊಂಡು, "ಮಾದಪ್ಪ ಹುಲಿ ಮೇಲೆ ಕೂತಿರೋನು, ಈ ಬಾವಲಿ ದೊರೆ ಜಗಳಕ್ಕೆ ಅವನನ್ನ್ಯಾಕೆ ಎಳೀತಾರೆ?" ಅಂತ ನಕ್ಕರು.

ನಾನು ಕೇಳೋದು ಇಷ್ಟೇ. ಮೊದಲನೇ ಎಡಿಷನ್ನು ಸರಿಯಾಗಿದ್ದಿದ್ದರೆ ಅವರು ಎರಡನೇದು ಯಾಕೆ ಮಾಡುತ್ತಿದ್ದರು? ತಿದ್ದಬೇಕು ಅನ್ನಿಸಿದ್ದನ್ನು ತಿದ್ದಿದ್ದಾರೆ. ನನ್ನ ಪೆಟ್ಟಿಗೆಯ ನಿಯಮದ ಪುಸ್ತಕದ ಕೊನೇ ಪುಟದಲ್ಲಿ ಕರಿಸೀರೆಯಮ್ಮ ದೀಪ ಹಚ್ಚಬಹುದು ಅಂತ ಅಚ್ಚಾಗಿದೆ, ನನಗೂ ಇಂಗ್ಲಿಷ್ ಅಷ್ಟೋ ಇಷ್ಟೋ ಬರುತ್ತೆ. ಕಾಯಿಗಳನ್ನೇ ನೋಡಿ. ನಿಮ್ಮ ಮರದ ದೊರೆ ಚಟ್ನಿ ಅರೆಯೋ ಗುಂಡಿನ ಥರ ಇದ್ದಾನೆ. ನನ್ನವನು ಪ್ಲಾಸ್ಟಿಕ್ಕು, ಮೇಲಂಗಿ, ಉಗುರು, ಕೋರೆಹಲ್ಲು ಎಲ್ಲ ಇದೆ. ಒಂದು ಹಲ್ಲು ಮಾತ್ರ ಲಿಂಗಯ್ಯನವರು ಅವನಿಂದ ಕಿವಿ ಕೆರೆದುಕೊಳ್ಳಲು ಹೋಗಿ ಮುರಿದಿದ್ದಾರೆ.

ಆಡಿದ ಮಾತು ಯಾವುದು ಅಂತ ಯೋಚನೆ ಮಾಡಿ ಮಾಡಿ ಸಾಕಾಯ್ತು. "ನಿಮ್ಮ ಕೈಲಿ ಒಂದು ಜೀವ ಉಳೀಲಿಲ್ಲ ನೋಡಿ" ಅಂದೆ. ಅದಕ್ಕೇನಾ? ಆಟದಲ್ಲಿ ಉಳೀಲಿಲ್ಲವಲ್ಲ! ಡಾಕ್ಟರು ಬಿದ್ದ, ಪಾದ್ರಿ ಸತ್ತ, ತೋಟದ ಮಾಲಿ ಆಗಲೇ ದೆವ್ವ ಆಗಿದ್ದ. ಇರೋದನ್ನ ಹೇಳಿದೆ.

ನಿಶ್ಚಿತಾ ಸೀಮಂತ ಬೇಡ ಅಂತ ಕೂತಿದ್ದು ನನಗೂ ಸಂಕಟ. ಒಂದು ಕೆಲಸ ಮಾಡೋಣ. ಆಟವನ್ನು ಕಾಗದದಲ್ಲೇ ಮುಗಿಸೋಣ. ನೀವು ನಿಮ್ಮ ಹೆಜ್ಜೆ ಬರೆಯಿರಿ, ನಾನು ನನ್ನದು ಬರೆಯುತ್ತೇನೆ. ಇವತ್ತೇ ನನ್ನ ಪೆಟ್ಟಿಗೆ ಬಿಚ್ಚಿ, ಎಲ್ಲರನ್ನೂ ಇದ್ದ ಹಾಗೇ ಊಟದ ಟೇಬಲ್ ಮೇಲೆ ನಿಲ್ಲಿಸಿದ್ದೇನೆ. ಸತ್ತವರನ್ನು ಉಪ್ಪಿನಕಾಯಿ ಜಾಡಿ ಪಕ್ಕ ಇಟ್ಟಿದ್ದೇನೆ.

ದಾಕ್ಷಾಯಿಣಿ


ಕುಂಬಾರಕೊಪ್ಪಲು
೪ ಡಿಸೆಂಬರ್ ೨೦೨೪

ಉಘೇ ಮಾದಪ್ಪ

ಬೀಗಿತ್ತಿಯವರಿಗೆ ಶರಣು.

ಆ ಮಾತಿನ ವಿಷಯ ಬಿಡಿ. ಅದಕ್ಕಲ್ಲ. ನೀವು ಒಬ್ಬಟ್ಟು ಅರ್ಧ ತಿಂದು ತಟ್ಟೆ ಬಿಟ್ಟು ಎದ್ದಿರಲ್ಲ, ಅದು ನನಗೆ ಬೇಜಾರಾಯಿತು. ತುಪ್ಪ ಬೇರೆ ಹಾಕಿದ್ದೆ.

ಕಾಗದದಲ್ಲಿ ಆಡಲು ಒಪ್ಪಿದ್ದೇನೆ. ಸೋಮವಾರ ಆಡುವುದಿಲ್ಲ, ಅಮಾವಾಸ್ಯೆ ದಿನ ಪೆಟ್ಟಿಗೆ ಮುಟ್ಟುವುದೂ ಇಲ್ಲ. ದಿನಾ ಪೂಜೆ ಆದಮೇಲೆ ದೊರೆ ತಲೆಗೆ ಒಂದು ಚಿಟಿಕೆ ವಿಭೂತಿ ಹಾಕುತ್ತಿದ್ದೇನೆ. ಮೊನ್ನೆ ಬೆಕ್ಕು ಮಂಚ ಹತ್ತಿ ಅವನನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ನೀರೊಲೆ ಹತ್ತಿರ ಬಿಟ್ಟಿತ್ತು. ಎಲ್ಲಿದ್ದನೋ ಅಲ್ಲೇ ತಂದು ನಿಲ್ಲಿಸಿದೆ. ಸತ್ಯ ಬಿಟ್ಟು ಆಡುವವಳಲ್ಲ ನಾನು.

ನನ್ನ ಹೆಜ್ಜೆ ಇದು. ಕರಿಸೀರೆಯಮ್ಮ ಪ್ರಾರ್ಥನೆ ಕೋಣೆಯ ಎಡಗಡೆ ಬಾಗಿಲಿಂದ ಅಡುಗೆಮನೆಗೆ ಹೋದಳು. ಅಡುಗೆಮನೆಯಿಂದ ಮೆಟ್ಟಿಲು ಹತ್ತಿರ. ನಿಮ್ಮ ಡಾಕ್ಟರಿಗೆ ಬಿಸಿ ಕಾಫಿ ಕುಡಿಸಿ ಎಬ್ಬಿಸುತ್ತಾಳೆ. ಅವನು ಹೋಗಿ ದೀಪ ಹಚ್ಚಲಿ. ಇರುವವರೆಲ್ಲ ಉಳಿಯುತ್ತಾರೆ, ಚೀಟಿ ಮಾತೂ ಉಳಿಯುತ್ತೆ. ಕಾಫಿ ನಿಯಮದಲ್ಲಿ ಇದೆಯಾ ಅಂತ ಕೇಳಬೇಡಿ, ಅಡುಗೆಮನೆ ಅಂದಮೇಲೆ ಇರುತ್ತೆ.

ಮಂಜುಳಮ್ಮ


ಕುವೆಂಪುನಗರ
೧೧ ಡಿಸೆಂಬರ್ ೨೦೨೪

ಬೀಗಿತ್ತಿಯವರೇ, ದುಃಖದ ಸಮಾಚಾರ.

ನಿಮ್ಮ ಎಡಿಷನ್ನಿನಲ್ಲಿ ಪ್ರಾರ್ಥನೆ ಕೋಣೆಯ ಎಡಕ್ಕೆ ಅಡುಗೆಮನೆ ಇರಬಹುದು. ನನ್ನದರಲ್ಲಿ ಬಾವಿ. ನೀವು ಬರೆದಂತೆಯೇ ನಡೆಸಿದೆ. ಕರಿಸೀರೆಯಮ್ಮ ಬಾವಿಗೆ ಬಿದ್ದಿದ್ದಾರೆ. ಎತ್ತಬೇಕಾದರೆ ಹಗ್ಗದ ಚೀಟಿ ಬೇಕು, ಆ ಚೀಟಿ ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಡಾಕ್ಟರು ಕಾಫಿಗೆ ಕಾಯುತ್ತಾ ಮಲಗಿದ್ದಾನೆ.

ಲಿಂಗಯ್ಯನವರು ಊಟಕ್ಕೆ ಟೇಬಲ್ ಇಲ್ಲದೆ ಟೀವಿ ಮುಂದೆ ನೆಲದ ಮೇಲೆ ಕೂತು ಉಣ್ಣುತ್ತಿದ್ದಾರೆ. "ಒಬ್ಬರು ಮಂಚ ಬಿಟ್ಟಿದ್ದೀರಿ, ಒಬ್ಬರು ಟೇಬಲ್ ಬಿಟ್ಟಿದ್ದೀರಿ. ಮಾತಾಡಿಬಿಡೋದು ಇದಕ್ಕಿಂತ ಸುಲಭ ಅಲ್ವೇನ್ರೇ?" ಅನ್ನುತ್ತಾರೆ. ಅವರಿಗೇನು ಗೊತ್ತು.

ಈಗ ಏನು ಮಾಡೋಣ ಹೇಳಿ.

ದಾಕ್ಷಾಯಿಣಿ


ಕುಂಬಾರಕೊಪ್ಪಲು
೨೦ ಡಿಸೆಂಬರ್ ೨೦೨೪

ಉಘೇ ಮಾದಪ್ಪ

ಬೀಗಿತ್ತಿಯವರಿಗೆ ಶರಣು.

ಬಾವಿಗೆ ಬಿದ್ದಳು ಅಂತ ಓದಿ ಕಾಗದ ಬಿಟ್ಟು ಮಂಚದ ಹತ್ತಿರ ಓಡಿದೆ. ನೋಡಿದರೆ ಅಡುಗೆಮನೆಯಲ್ಲಿ ಆರಾಮಾಗಿ ನಿಂತಿದ್ದಾಳೆ. ಒಬ್ಬಳೇ ಹೆಂಗಸು ಎರಡು ಕಡೆ ಎರಡು ಪಾಡು ಪಟ್ಟರೆ ಆಟ ಎಂದೂ ಮುಗಿಯುವುದಿಲ್ಲ.

ನೀರು ಹಾಕಿಕೊಳ್ಳುವಾಗ ಒಂದು ದಾರಿ ಹೊಳೆಯಿತು. ನಮ್ಮ ಮನೆ ಹಬ್ಬಕ್ಕೆ ನೀವು ಬಂದರೆ ನಮ್ಮ ಪದ್ಧತಿ, ನಿಮ್ಮಲ್ಲಿಗೆ ನಾವು ಬಂದರೆ ನಿಮ್ಮ ಪದ್ಧತಿ. ಮದುವೆ ಮಾತುಕತೆಯಲ್ಲೂ ಹಾಗೇ ತಾನೇ ನಡೆದಿದ್ದು? ಹಾಗೇ ಇದೂ. ಯಾರ ಮನೆಯಲ್ಲಿ ನಡೆಯುತ್ತೋ ಅವರ ಪೆಟ್ಟಿಗೆಯ ನಿಯಮ. ಎದುರಾಡುವಂತಿಲ್ಲ. ಬಂದವರು ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳಬೇಕು.

ಆ ಭಾನುವಾರ ಆಡಿದ್ದು ನಮ್ಮ ಮನೆಯಲ್ಲಿ. ಆದ್ದರಿಂದ ನಾನೇ ಸರಿ. ಒಪ್ಪಿಗೆಯಾದರೆ ಬರೆದು ತಿಳಿಸಿ.

ಮಂಜುಳಮ್ಮ


ಕುವೆಂಪುನಗರ
೨ ಜನವರಿ ೨೦೨೫

ಬೀಗಿತ್ತಿಯವರಿಗೆ ಶರಣು, ಹೊಸ ವರ್ಷದ ಶುಭಾಶಯ.

ಒಪ್ಪಿದೆ. ನಿಮ್ಮ ಮನೆ, ನಿಮ್ಮ ಪೆಟ್ಟಿಗೆ, ನೀವೇ ಸರಿ, ನನ್ನದು ತಪ್ಪಾಯಿತು. ಒಬ್ಬಟ್ಟು ಬಿಟ್ಟು ಎದ್ದದ್ದಕ್ಕೆ ಇನ್ನೊಂದು ತಪ್ಪಾಯಿತು. ಲಿಂಗಯ್ಯನವರೇ ಸಾಕ್ಷಿ. ಮದುವೆಯಾದಾಗಿಂದ ನನ್ನ ಬಾಯಲ್ಲಿ "ತಪ್ಪಾಯಿತು" ಕೇಳಿರಲಿಲ್ಲವಂತೆ, ಕಾಗದವನ್ನು ಫೋಟೋ ತೆಗೆದಿಟ್ಟುಕೊಂಡರು.

ಇದನ್ನು ಹೇಳಿದ್ದೇ ನಿಶ್ಚಿತಾ ಸೀಮಂತಕ್ಕೆ ಒಪ್ಪಿದಳು. ಫೆಬ್ರವರಿ ಹದಿನಾರು, ಭಾನುವಾರ, ನಮ್ಮ ಮನೆಯಲ್ಲಿ. ಹಸಿರು ಸೀರೆ ತಂದಾಯಿತು, ಬಳೆಗಾರನಿಗೆ ಹೇಳಿಯಾಯಿತು. ಮಡಿಲಕ್ಕಿ ತವರಿನ ಕಡೆಯಿಂದ ಮೊದಲಾಗಬೇಕು, ನೀವು ಹಿಂದಿನ ದಿನವೇ ಬಂದುಬಿಡಿ. ಬಂದು ಒಂದು ಮಾತಾಡಿ ಆಣೆ ಮುರಿಯಿರಿ. ತಪ್ಪು ಕಾಣಿಕೆಗೆ ನಾನೂ ಪಾಲು ಹಾಕುತ್ತೇನೆ.

ದಾಕ್ಷಾಯಿಣಿ


ಕುಂಬಾರಕೊಪ್ಪಲು
೨೨ ಜನವರಿ ೨೦೨೫

ಉಘೇ ಮಾದಪ್ಪ

ಬೀಗಿತ್ತಿಯವರಿಗೆ ಶರಣು.

ತಡವಾಗಿ ಬರೆಯುತ್ತಿದ್ದೇನೆ. ಮೈಗೆ ಏನೂ ಆಗಿಲ್ಲ.

ಸಂಕ್ರಾಂತಿಗೆ ಎಳ್ಳು ಬೀರಲು ಬನ್ನಿಮಂಟಪಕ್ಕೆ ಹೋಗಿದ್ದೆ. ಮೂರನೇ ಎಡಿಷನ್ನು ತೋರಿಸಿದರು. ಅದರಲ್ಲಿ ಪುಸ್ತಕವೇ ಇಲ್ಲ ಕಣ್ರೀ, ನಿಯಮವನ್ನೆಲ್ಲ ಮೊಬೈಲೇ ಹೇಳುತ್ತೆ. ನಡುನಡುವೆ ಗುಡುಗು, ತೋಳ ಊಳಿಡೋದು. ಪಕ್ಕದ ಮನೆ ನಾಯಿ ಅದಕ್ಕೆ ಉತ್ತರ ಕೊಡುತ್ತಿತ್ತು. ಕಾಯಿಗಳಿಗೆ ಬಣ್ಣ ಚೆನ್ನಾಗಿ ಹಾಕಿದ್ದಾರೆ. ಎಲ್ಲರನ್ನೂ ಎತ್ತಿ ನೋಡಿದೆ. ಡಾಕ್ಟರು ಇದ್ದಾನೆ, ಪಾದ್ರಿ ಇದ್ದಾನೆ. ಕರಿಸೀರೆಯಮ್ಮ ಇಲ್ಲ. ಅವಳ ಜಾಗದಲ್ಲಿ ಕ್ಯಾಮೆರಾ ಹಿಡಿದ ಹುಡುಗಿ. ಕೇಳಿದ್ದಕ್ಕೆ ಅಳಿಯಂದಿರು, "ಅವಳನ್ನ ತೆಗೆದುಬಿಟ್ರು ಅತ್ತೆ, ಯಾರೂ ತಗೋತಿರ್ಲಿಲ್ಲ" ಅಂದರು. ಹಚ್ಚಬಹುದೋ ಹಚ್ಚಬಾರದೋ ಅನ್ನೋ ರಗಳೆಯೇ ಇಲ್ಲ. ಒಳ್ಳೇದೇ ಆಯಿತು ಬಿಡಿ.

ಸೀಮಂತಕ್ಕೆ ಚಿಗಳಿ, ತಂಬಿಟ್ಟು, ಕೊಬ್ಬರಿ ಮಿಠಾಯಿ ಎಲ್ಲ ನಾನೇ ಮಾಡಿ ಅಳಿಯಂದಿರ ಕೈಲಿ ಕಳಿಸುತ್ತೇನೆ. ಮಡಿಲಕ್ಕಿಗೆ ನಮ್ಮ ನಾದಿನಿ ಚಿಕ್ಕತಾಯಮ್ಮ ಬರುತ್ತಾಳೆ. ಗಂಡ ಇದ್ದಾನೆ, ಗಂಡುಮಕ್ಕಳಿದ್ದಾರೆ, ಕೈಗುಣ ಒಳ್ಳೇದು. ನನಗೆ ಆಣೆ ಇದೆಯಲ್ಲ, ಅಷ್ಟು ಜನದ ಮಧ್ಯೆ ಬಾಯಿ ಕಟ್ಟಿಕೊಂಡು ಕೂರಲಾಗುತ್ತದೆಯೇ? ಬೆಕ್ಕಿಗೂ ಯಾರಾದರೂ ಹಾಲು ಹಾಕಬೇಕು. ಆಮೇಲೆ ಯಾವತ್ತಾದರೂ ಬಂದು ಮಗಳನ್ನು ನೋಡಿಕೊಂಡು ಬರುತ್ತೇನೆ.

ನಿಶ್ಚಿತಾಳಿಗೆ ಹಸಿರು ಬಳೆ ಸ್ವಲ್ಪ ಸಡಿಲವಾಗೇ ತೊಡಿಸಿ. ಅವಳ ಕೈ ಅವರಪ್ಪನದರ ಹಾಗೆ, ಬೇಗ ಊದಿಕೊಳ್ಳುತ್ತೆ.

ಮಂಜುಳಮ್ಮ


ಕುವೆಂಪುನಗರ
೩ ಫೆಬ್ರವರಿ ೨೦೨೫

ಬೀಗಿತ್ತಿಯವರೇ,

ನಿಮ್ಮ ಕಾಗದ ಓದಿ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ಬೆಕ್ಕಿಗೆ ಹಾಲು ಹಾಕಬೇಕಂತೆ!

ನವೆಂಬರಿನಲ್ಲಿ ನಾನು ಆಡಿದ "ಒಂದು ಜೀವ ಉಳೀಲಿಲ್ಲ" ಅನ್ನೋ ಮಾತು ಈಗ ನನಗೆ ಕೇಳಿಸಿತು. ನಿಮ್ಮ ಯಜಮಾನರು ರುದ್ರಸ್ವಾಮಿಯವರನ್ನು ನೀವು ಹೇಗೆ ನೋಡಿಕೊಂಡಿರಿ ಅಂತ ಕಣ್ಣಾರೆ ಕಂಡವಳು ನಾನು. ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಕೂತಿದ್ದವಳು. ಆ ಬಾಯಲ್ಲಿ ಆ ಮಾತು ಹೇಗೆ ಬಂತೋ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ, ಬರೆದರೆ ಶಾಯಿ ಕದಡುತ್ತೆ.

ಆದರೆ ಮಿಕ್ಕಿದ್ದಕ್ಕೆ ಉತ್ತರ ಕೊಡುತ್ತೇನೆ. ಡಿಸೆಂಬರ್ ಇಪ್ಪತ್ತನೇ ತಾರೀಖಿನ ನಿಮ್ಮ ಕಾಗದ ನನ್ನ ಮುಂದೆ ಇದೆ. ನಿಮ್ಮದೇ ಅಕ್ಷರ. "ಯಾರ ಮನೆಯಲ್ಲಿ ನಡೆಯುತ್ತೋ ಅವರ ಪೆಟ್ಟಿಗೆಯ ನಿಯಮ. ಎದುರಾಡುವಂತಿಲ್ಲ. ಬಂದವರು ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳಬೇಕು." ನಾನು ಒಪ್ಪಿದೆ. ತಪ್ಪಾಯಿತು ಅಂತಲೂ ಅಂದೆ. ಇನ್ನು ನಿಮ್ಮ ಸರದಿ.

ಸೀಮಂತ ನಡೆಯೋದು ನಮ್ಮ ಮನೆಯಲ್ಲಿ. ನಮ್ಮ ಮನೆಯಲ್ಲಿರೋದು ಎರಡನೇ ಎಡಿಷನ್ನು. ಎರಡನೇ ಎಡಿಷನ್ನಿನಲ್ಲಿ ಕರಿಸೀರೆಯಮ್ಮ ಬಂದು ದೀಪ ಹಚ್ಚುತ್ತಾಳೆ. ಮೊದಲ ಮಡಿಲಕ್ಕಿಯನ್ನೂ ಅವಳೇ ಹಾಕುತ್ತಾಳೆ. ಹೆತ್ತವಳಿಗಿಂತ ಒಳ್ಳೇ ಕೈಗುಣದ ಚಿಕ್ಕತಾಯಮ್ಮ ಯಾರು? ಅವರೂ ಬರಲಿ, ಎರಡನೆಯವರಾಗಿ ಹಾಕಲಿ.

ಬಾಯಿ ಮುಚ್ಚಿಕೊಂಡು ಬನ್ನಿ. ಆಣೆಗೂ ತೊಂದರೆಯಿಲ್ಲ. ಬರದಿದ್ದರೆ ನಿಯಮ ಮುರಿದವರು ನೀವು ಅಂತ ಮಾದಪ್ಪನ ಬೆಟ್ಟಕ್ಕೇ ಹೋಗಿ ಹೇಳಿ ಬರುತ್ತೇನೆ. ಬೆಕ್ಕನ್ನೂ ಕರೆದುಕೊಂಡು ಬನ್ನಿ.

ದಾಕ್ಷಾಯಿಣಿ


ಕುಂಬಾರಕೊಪ್ಪಲು
೧೮ ಫೆಬ್ರವರಿ ೨೦೨೫

ಉಘೇ ಮಾದಪ್ಪ

ಬೀಗಿತ್ತಿ ದಾಕ್ಷಾಯಿಣಿಯವರಿಗೆ ಮಂಜುಳಮ್ಮನ ಶರಣು. ಇತ್ತ ಕ್ಷೇಮ. ಈ ಸಲ ಬರೆದಿದ್ದೇನೆ ನೋಡಿ.

ಮಾತು ಬಂದಮೇಲೂ ಕಾಗದ ಯಾಕೆ ಅಂತೀರೇನೋ. ಕೆಲವನ್ನು ಬಾಯಲ್ಲಿ ಹೇಳಲು ನಾಚಿಕೆ. ಅಲ್ಲದೆ ಒಂದು ಸ್ಟಾಂಪು ಉಳಿದಿತ್ತು.

ಭಾನುವಾರ ನಾನು ಬಂದಾಗಿನಿಂದ ನಿಮ್ಮ ಅಡುಗೆಮನೆ ಬಿಟ್ಟು ಈಚೆ ಬಂದಿರಲಿಲ್ಲ. ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಾ, ಇದೇ ನನ್ನ ಜಾಗ ಅಂದುಕೊಂಡಿದ್ದೆ. ನೀವು ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡು ಬೆಂಕಿಪೊಟ್ಟಣ ಇಟ್ಟಿರಿ. ಆಮೇಲೆ ಎಲ್ಲರ ಮುಂದೆ ರಟ್ಟೆ ಹಿಡಿದು ದೀಪದ ಹತ್ತಿರ ನಿಲ್ಲಿಸಿದಿರಿ. ಹೆಂಗಸರು ಮುಖ ಮುಖ ನೋಡಿಕೊಂಡಿದ್ದು ನನಗೆ ಕಂಡಿತು. ನೀವು ಜೋರಾಗಿ, "ನಮ್ಮನೇಲಿ ಎರಡನೇ ಎಡಿಷನ್ನು ನಡೆಯೋದು ಕಣ್ರಮ್ಮ" ಅಂದಿರಿ. ನಿಮಗೆ ಕೇಳಿಸಿತೋ ಇಲ್ಲವೋ, ಚಿಕ್ಕತಾಯಮ್ಮ ನನ್ನ ಹಿಂದೆ ನಿಂತು ಪಕ್ಕದವರನ್ನು, "ಎಡಿಷನ್ನು ಅಂದ್ರೆ? ಮಠದೋರು ಹೊಸದಾಗಿ ಏನಾದ್ರೂ ಹೇಳವ್ರಾ?" ಅಂತ ಕೇಳಿದಳು. ಅವರು, "ಹೂಂ, ಇರ್ಬೇಕು ಕಣಮ್ಮ, ಈಗೆಲ್ಲಾ ಅಂಗೇ ಅಂತೆ" ಅಂದರು. ಅಷ್ಟಕ್ಕೇ ಎಲ್ಲರೂ ತಲೆದೂಗಿದರು! ನಾನು ಇಷ್ಟು ದಿನ ಹೆದರಿದ್ದು ಇವರಿಗಾ ಅನ್ನಿಸಿತು.

ಬಗ್ಗಿ ಕಡ್ಡಿ ಗೀರಿದೆ. ಮೊದಲ ಕಡ್ಡಿ ಆರಿಹೋಯಿತು. ಇದು ಆಗಬಾರದ್ದು ಅಂತ ಇನ್ನೇನು ಪೊಟ್ಟಣ ನಿಮಗೇ ಕೊಟ್ಟುಬಿಡುತ್ತಿದ್ದೆ. ನಿಶ್ಚಿತಾ ಹಸಿರು ಸೀರೆಯಲ್ಲಿ ಕೂತು ನನ್ನನ್ನೇ ನೋಡುತ್ತಾ ಮೆಲ್ಲಗೆ "ಹಚ್ಚಮ್ಮ" ಅಂದಳು. ಇನ್ನೊಂದು ಕಡ್ಡಿ ಗೀರಿದೆ. ಬತ್ತಿ ಹತ್ತಿಕೊಂಡಿತು. ಅದೇ ಹೊತ್ತಿಗೆ ವಿಡಿಯೋ ತೆಗೆಯುತ್ತಿದ್ದ ಅಳಿಯಂದಿರ ಬೆರಳು ಎಲ್ಲಿಗೆ ತಾಗಿತೋ, ಆ ಮೂರನೇ ಎಡಿಷನ್ನು ಮೊಬೈಲಿನಲ್ಲಿ ಶುರುವಾಗಿ, ಗುಡುಗು ಸಿಡಿಲು, ತೋಳದ ಕೂಗು! ಚಿಕ್ಕತಾಯಮ್ಮ ಅರಿಶಿನ ಕುಂಕುಮದ ತಟ್ಟೆಯನ್ನು ಲಿಂಗಯ್ಯನವರ ಬಿಳೀ ಪಂಚೆ ಮೇಲೆ ಬಿಟ್ಟಳು. ನನಗೆ ಮೈಮೇಲೆ ಎಚ್ಚರವೇ ಇಲ್ಲ, "ಬೀಗಿತ್ತಿಯವ್ರೇ, ದೊರೆ ಬಂದ, ಬಾಗ್ಲು ಹಾಕಿ!" ಅಂತ ಕಿರುಚಿಬಿಟ್ಟೆ. ನೀವು ಓಡಿಹೋಗಿ ನಿಜವಾಗಲೂ ಬಾಗಿಲು ಹಾಕಿದಿರಲ್ಲ!

ಆಣೆ ಅಲ್ಲಿಗೆ ಮುರಿಯಿತು. ಅರಿಶಿನದ ಬಟ್ಟೆಯಲ್ಲಿ ತಪ್ಪು ಕಾಣಿಕೆ ಕಟ್ಟಿ ದೇವರ ಮುಂದೆ ಇಟ್ಟಿದ್ದೇನೆ. ಶಿವರಾತ್ರಿ ಜನ ಇಳಿದಮೇಲೆ ಇಬ್ಬರೂ ಬೆಟ್ಟಕ್ಕೆ ಹೋಗಿ ಬರೋಣ. ನಿಮ್ಮ ಪಾಲು ಮರೆಯಬೇಡಿ.

ಮಡಿಲಕ್ಕಿ ಹಾಕುವಾಗ ನಿಶ್ಚಿತಾ ನಕ್ಕು ನಕ್ಕು ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿದಳು. ಅವಳ ಹೊಟ್ಟೆ ಮೇಲೆ ನನ್ನ ಕೈ ಇತ್ತು. ಒಳಗಿನದು ಒಂದು ಸಲ ಒದೆಯಿತು. ಇದನ್ನು ಹೇಳಬೇಕೆಂದೇ ಕಾಗದ ಬರೆದೆ.

ಮನೆಗೆ ಬಂದು ಮಂಚದ ಮೇಲಿನ ಆಟ ಮುಗಿಸಿದೆ. ಹೇಗೆ ಮುಗಿಸಿದೆ ಅಂತ ಕೇಳಬೇಡಿ. ಡಾಕ್ಟರು ಎದ್ದಿದ್ದಾನೆ, ದೊರೆ ಪೆಟ್ಟಿಗೆ ಸೇರಿದ್ದಾನೆ. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದ್ದೇನೆ.

ಬರುವ ಭಾನುವಾರ ಎಲ್ಲರೂ ಇಲ್ಲಿಗೆ ಬನ್ನಿ, ಒಬ್ಬಟ್ಟು ಮಾಡುತ್ತೇನೆ, ಪೂರ್ತಿ ತಿನ್ನಬೇಕು. ಆಟ ನಮ್ಮ ಮನೆಯಲ್ಲಿ. ಬರುವಾಗ ನಿಮ್ಮ ಪೆಟ್ಟಿಗೆ ತನ್ನಿ.

ಇಂತಿ ನಿಮ್ಮ,
ಮಂಜುಳಮ್ಮ